ಬೇಡ ಅನ್ನುವವರೇ ಇಲ್ಲ

ತಪ್ಪೆಲ್ಲ ಆ ಸ್ಟೂಲಿನದು. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಹದಿನೆಂಟು ವರ್ಷದಿಂದ ಗುಮಾಸ್ತನಾಗಿದ್ದವನು ಭಾನುವಾರ ಹೊತ್ತು ಹೋಗದೆ ಒಂದು ಸ್ಟೂಲು ಮಾಡಿದ. ಕೆಳಗಿನ ಮನೆಯ ನಿವೃತ್ತ ಹೆಡ್ಮಾಸ್ತರರು ಅದರ ಮೇಲೆ ಕೂತು, ಅತ್ತಿತ್ತ ಅಲ್ಲಾಡಿ, "ನೀವು ಆಫೀಸಲ್ಲಿ ಇರಬೇಕಾದವರಲ್ಲ ಕಣ್ರೀ" ಎಂದುಬಿಟ್ಟರು. ಆ ಮಾತು ಕಿವಿಗೆ ಹೊಕ್ಕ ಸೊಳ್ಳೆಯಂತೆ ಗುಂಯ್‌ಗುಟ್ಟತೊಡಗಿತು. ಆವತ್ತೇ ಕೂತು ರಾಜೀನಾಮೆ ಬರೆದ.

ಸೋಮವಾರ ಬೆಳಿಗ್ಗೆ ಷೂ ಹಾಕಿಕೊಳ್ಳುತ್ತ ಹೆಂಡತಿಗೆ ಹೇಳಿದ: "ಕೆಲಸ ಬಿಟ್ಟು ಬಡಗಿ ಅಂಗಡಿ ಇಡೋಣ ಅಂತಿದ್ದೀನಿ."

"ಬಿಟ್ಟುಬಿಡಿ."

ಗುಮಾಸ್ತ ತಬ್ಬಿಬ್ಬಾದ. ಬೈದರೆ, ಅತ್ತರೆ ಹೇಳಲೆಂದು ಹನ್ನೊಂದು ಉತ್ತರ ಸಿದ್ಧಮಾಡಿಕೊಂಡಿದ್ದ. ಈಗ ಪ್ರಶ್ನೆಪತ್ರಿಕೆಯೇ ಬಾರದ ಪರೀಕ್ಷೆಗೆ ಕೂತಂತಾಯಿತು.

"ಸ್ವಲ್ಪ ಯೋಚನೆ ಮಾಡಿ ಹೇಳೇ."

"ಹದಿನೆಂಟು ವರ್ಷದಿಂದ ಯೋಚನೆ ಮಾಡ್ತಿದ್ದೀನಿ. ದಿನಾ ಸಂಜೆ ಆ ಜೋಲು ಮುಖ ನೋಡೋಕಾಗಲ್ಲ ನಂಗೆ. ನನ್ನ ಹೊಲಿಗೆ ಇದೆಯಲ್ಲ, ಒಂದು ವರ್ಷ ಹೇಗೋ ಸಂಸಾರ ಎಳೀತೀನಿ."

ಬೆಂಬಲ ಸಿಕ್ಕಿತೆಂದು ಹಿಗ್ಗಬೇಕೋ, ತಡೆಯಲೇ ಇಲ್ಲವಲ್ಲ ಎಂದು ಮುನಿಸಿಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ.

ಅವನು ಮೆಟ್ಟಿಲಿಳಿಯುವ ಮೊದಲೇ ಸುದ್ದಿ ಇಳಿದಿತ್ತು. ಹೆಡ್ಮಾಸ್ತರರು ಕೈಕುಲುಕಿದರು. "ಭೇಷ್! ಅಂಗಡಿಗೆ ನಮ್ಮ ಶೆಡ್ ತಗೊಳ್ಳಿ, ಸುಮ್ನೆ ಬಿದ್ದಿದೆ."

"ಮೇಷ್ಟ್ರೇ, ನಂಗಿನ್ನೂ ಒಂದು ಬಾಗಿಲು ಮಾಡೋಕೂ ಬರಲ್ಲ."

"ಮಾಡ್ತಾ ಮಾಡ್ತಾ ಬರುತ್ತೆ. ಶೆಡ್ಡಿಗೂ ಬಾಗಿಲಿಲ್ಲ, ಮೊದಲು ಅದನ್ನೇ ಮಾಡಿ."

ಬಸ್ಸಿನಲ್ಲಿ ಭಾವಮೈದುನನ ಫೋನು. "ಭಾವ, ಅಕ್ಕ ಹೇಳಿದ್ಲು. ಬೋರ್ಡು ಬರೆಯೋಕೆ ಕೊಟ್ಟಾಯ್ತು. ಮಂಚ, ಬೀರು, ಕಿಟಕಿ ಅಂತಿದ್ರೆ ಸಾಕಾ?"

"ನಾನು ಮಾಡಿರೋದು ಒಂದೇ ಒಂದು ಸ್ಟೂಲು ಕಣೋ!"

"ಸರಿ ಭಾವ, ಅದನ್ನೂ ಸೇರಿಸ್ತೀನಿ."

ಕಚೇರಿಗೆ ಬಂದರೆ ಅವನ ಕುರ್ಚಿಯಲ್ಲಿ ಟೈಪಿಸ್ಟಮ್ಮ ಕೂತಿದ್ದರು. "ನಿಮ್ಮನೆಯವರು ಫೋನ್ ಮಾಡಿದ್ರು. ಧೈರ್ಯ ಅಂದ್ರೆ ನಿಮ್ದು ಬಿಡಿ! ಫ್ಯಾನ್ ಕೆಳಗಿನ ಜಾಗ ನಾನು ತಗೊಂಡೆ, ಬೇಜಾರಿಲ್ಲ ತಾನೆ?"

ಗುಮಾಸ್ತ ನಿಂತಲ್ಲೇ ಲೆಕ್ಕ ಹಾಕಿದ. ಎಲ್ಲರೂ ಹಿಂದಿನಿಂದ ನೂಕುವವರೇ, ಕೈಹಿಡಿದು ಎಳೆಯುವವರು ಒಬ್ಬರೂ ಇಲ್ಲ. ಖಂಡಿತ ಬೇಡವೆನ್ನುವ ಮನುಷ್ಯನೆಂದರೆ ಇನ್ನು ಸಾಹೇಬರೊಬ್ಬರೇ. ಹದಿನೆಂಟು ವರ್ಷ ಬೆನ್ನ ಹಿಂದೆ ನಿಂತು, ಅವನು ಬರೆದ ಪ್ರತಿ ಸಾಲಿಗೂ 'ಛೆ' ಎಂದವರು. ಯಾರ ಕಾಟ ತಾಳದೆ ಕೆಲಸ ಬಿಡಹೊರಟಿದ್ದನೋ ಅವರ ಬಾಗಿಲನ್ನೇ ಹೋಗಿ ತಟ್ಟಿದ.

"ಸಾರ್, ಇದು ರಾಜೀನಾಮೆ... ನೀವು ಬೇಡ ಅಂದ್ರೆ ಈಗಲೇ ಹರಿದುಹಾಕ್ತೀನಿ."

ಸಾಹೇಬರು ಪತ್ರ ಕಸಿದುಕೊಂಡು, ಸಹಿ ಹಾಕಿ, ಮುದ್ರೆಯನ್ನೂ ಒತ್ತಿದರು. ಅವರ ಕಣ್ಣಲ್ಲಿ ನೀರಾಡುತ್ತಿತ್ತು.

"ಯಾರಾದ್ರೂ ಮೊದಲು ಹೆಜ್ಜೆ ಇಡ್ಲಿ ಅಂತ ಎಷ್ಟು ವರ್ಷದಿಂದ ಕಾಯ್ತಿದ್ದೆ ಗೊತ್ತೇನ್ರೀ? ನಂಗೂ ಈ ಕೆಲಸ ಸಾಕಾಗಿದೆ. ಟೈಪಿಸ್ಟಮ್ಮ ನಿಮ್ಮ ವಿಷಯ ಹೇಳಿದ ತಕ್ಷಣ ನಾನೂ ರಾಜೀನಾಮೆ ಕಳಿಸಿಬಿಟ್ಟೆ. ನಿಮ್ಮನ್ನ ಒಬ್ಬರನ್ನೇ ಬಿಡ್ತೀನಾ? ನಿಮ್ಮ ಅಂಗಡಿಗೆ ನಾನೂ ಬರ್ತೀನಿ!"

"ಸಾರ್, ನಿಮಗೆ ಮರಗೆಲಸ ಬರುತ್ತಾ?"

"ಎಲ್ಲಿ ಬರುತ್ತೆ? ಉಳಿ ಮುಟ್ಟಿದವನೇ ಅಲ್ಲ. ನೀವು ಕೆಲಸ ಮಾಡಿ, ನಾನು ಹಿಂದೆ ನಿಂತು ನೋಡ್ಕೋತೀನಿ." ಸಾಹೇಬರು ಕಣ್ಣೊರೆಸಿಕೊಂಡು ಗಡಿಯಾರ ನೋಡಿದರು. "ಒಂಬತ್ತಕ್ಕೆಲ್ಲ ಬಂದಿರಬೇಕು. ತಡವಾದ್ರೆ ನನ್ನ ಬುದ್ಧಿ ನಿಮಗೆ ಗೊತ್ತಲ್ಲ."