ನಮ್ಮ ಲಾರಿ, ಎದುರುಮನೆಯ ಬೀಗರು

ಇದನ್ನ ಗಟ್ಟಿಯಾಗಿ ಓದಬೇಡ್ರಿ. ಮನಸಲ್ಲೇ ಓದ್ಕೊಳ್ರಿ, ತುಟಿ ಕೂಡ ಅಲ್ಲಾಡಬಾರದು. ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿದ್ರೆ ಮಾತ್ರ ಮುಂದಕ್ಕೆ ಬರ್ರಿ. ನಾನೂ ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ. ಹಾಲಿನೋಳಿಗೆ, ಬಳೆಗಾರನಿಗೆ, ನಮ್ಮ ನಾದಿನಿಗೆ ಹೇಳಿರಬಹುದು, ಅವರೆಲ್ಲ ಮನೆಯವರಿದ್ದಂಗೆ. ಚಳ್ಳಕೆರೆಯ ನಮ್ಮ ಬೀದಿಯಲ್ಲಿ ಇಂಥವು ನಡೀತಾನೇ ಇರ್ತಾವೆ. ನಾನೇನು ಹುಡುಕ್ಕೊಂಡು ಹೋಗಲ್ಲ, ಜಗಲಿ ಮೇಲೆ ಕೂತ್ರೆ ಅವೇ ಕಣ್ಣಿಗೆ ಬೀಳ್ತಾವೆ.

ಕೈ ಎತ್ತಿದ ಮೀಟಿಂಗು

ಊರಲ್ಲಿ ಎಣ್ಣೆ ಮಿಲ್ಲುಗಳು ಜೋರಾಗಿದ್ದ ಕಾಲ. ನನ್ನ ಮಗ ವರ್ಷಗಟ್ಟಲೆ ಕಂಡೋರ ಲಾರಿ ಓಡಿಸಿ, ಕೊನೆಗೆ ಸ್ವಂತದ್ದು ತಗೊಂಡ. ಹಿಂದುಗಡೆ ‘ಅವ್ವನ ಆಶೀರ್ವಾದ’ ಅಂತ ಕೆಂಪಕ್ಷರದಲ್ಲಿ ಬರೆಸಿದ. ಕಡಲೆಕಾಯಿ ಇಳಿಸಿ ಬಂದು ಅದು ಮನೆ ಮುಂದೆ ನಿಂತ್ರೆ ನಮ್ಮ ಬಾಗಿಲಿಗೆ ಆನೆ ಕಟ್ಟಿದಂಗೆ ಇರ್ತಿತ್ತು. ಎದುರುಮನೆಯಾಕೆಗೆ ಇದನ್ನ ನೋಡಿ ಹೊಟ್ಟೆ ಉರೀದೆ ಇರ್ತೈತಾ? ಗುಡಿ ಮುಂದೆ ಮೀಟಿಂಗು ಕರೆಸಿದಳು. ಸಂಸಾರಸ್ಥರ ಬೀದಿಯಲ್ಲಿ ಬಾಡಿಗೆ ಗಾಡಿ ನಿಲ್ಲಿಸಬಾರದು, ಊರಾಚೆ ಬಯಲಲ್ಲಿ ನಿಲ್ಲಿಸಲಿ ಅಂತ ಆಕೆಯ ವಾದ.

ಆ ಬಯಲಲ್ಲಿ ಬಿಟ್ಟ ಲಾರಿಗೆ ಬೆಳಗ್ಗೆ ಟೈರು ಇದ್ರೆ ಪುಣ್ಯ. ಮಗ ಕಾವಲಿಗೆ ಅಲ್ಲೇ ಮಲಗಬೇಕು. ಮನೆಗೆ ಬಂದ ಹೊಸ ಸೊಸೆ ನನ್ನ ಮುಖ ನೋಡ್ಕೊಂಡು ಕೂರಬೇಕು.

ವಾರ್ಡಿನ ಮೆಂಬರು, “ಯಾವ್ಯಾವ ಗಾಡಿ ಐತೆ ಹೇಳ್ರಿ” ಅಂದ.

ಟೆಂಪೋದವನು ಮೊದಲು ಎದ್ದ. “ನಂದು ಬಾಡಿಗೆ ಗಾಡಿ ಅಲ್ರಿ. ಮನೆ ಮಂದಿಯೆಲ್ಲ ಅದರಾಗೇ ತಿರುಪತಿಗೆ ಹೋಗಿ ಬಂದೀವಿ.”

ಟ್ರ್ಯಾಕ್ಟರು ಇಟ್ಟಿದ್ದ ಗೌಡ್ರು, “ಟ್ರ್ಯಾಕ್ಟರು ಅಂದ್ರೆ ಎತ್ತಿನ ಲೆಕ್ಕ. ಎತ್ತನ್ನ ಮನೆ ಮುಂದೆ ಕಟ್ಟದೆ ಮಾಳಿಗೆ ಮೇಲೆ ಕಟ್ಟಲಾ?” ಅಂದ್ರು.

ಲಗೇಜ್ ಆಟೋದವನು, “ನಂದಕ್ಕಿರೋದೇ ಮೂರು ಚಕ್ರ, ಅದನ್ನ ಗಾಡಿ ಅಂತಾರಾ?” ಅಂದ.

ಕಡೆಗೆ ಉಳಿದಿದ್ದು ನಮ್ಮ ಲಾರಿ ಒಂದೇ. ಎಲ್ಲಾರೂ ಕೈ ಎತ್ತಿದ್ರು. ಅಮಾವಾಸ್ಯೆ ಒಳಗೆ ತೆಗೀಬೇಕು ಅಂತ ತೀರ್ಮಾನವಾಯ್ತು. ತನ್ನ ಗಾಡಿ ಉಳಿದ ಖುಷಿಗೆ ಟೆಂಪೋದವನು ಎರಡೂ ಕೈ ಎತ್ತಿದ್ದ!

ನೆರಳು

ಮಾರನೇ ದಿನ ನೋಡ್ತೀನಿ, ಕೈ ಎತ್ತಿದ ಹಿರೀಕರೆಲ್ಲ ನಮ್ಮ ಲಾರಿ ನೆರಳಲ್ಲೇ ಕೂತು ಚೌಕಾಬಾರ ಆಡ್ತಾ ಇದಾರೆ. ಮಗ ಲೋಡಿಗೆ ಹೋಗೋಣ ಅಂತ ಇಂಜಿನ್ ಶುರು ಮಾಡಿದ್ದಕ್ಕೆ ರಿಟೈರ್ಡ್ ಮೇಷ್ಟ್ರು ರೇಗಿದ್ರು. “ಲೇ, ಇಷ್ಟು ಬೇಗ ತೆಗೀತೀಯೇನೋ? ನನ್ನ ಕಾಯಿ ಇನ್ನೂ ಹಣ್ಣಾಗಿಲ್ಲ!”

ನಾನು ಜಗಲಿ ಮೇಲಿಂದಲೇ ಹೇಳಿದೆ, “ಅಮಾವಾಸ್ಯೆ ಆದ್ಮೇಲೆ ಊರಾಚೆ ಬಯಲಿಗೇ ಬಂದುಬಿಡ್ರಿ ಮೇಷ್ಟ್ರೇ. ಅಲ್ಲಿ ನೆರಳೂ ಇರ್ತೈತೆ, ಹಾವೂ ಇರ್ತೈತೆ.”

ಮೊಳಕಾಲ್ಮೂರಿನ ಅಜ್ಜಿ

ರೂಲ್ಸು ಅಂದ್ರೆ ಮೊಳಕಾಲ್ಮೂರಿನೋರದ್ದು ರೂಲ್ಸು ಕಣ್ರಿ. ಅಲ್ಲಿ ಸೀರೆ ನೇಯೋರು ಬೆಳಗ್ಗೆ ರೇಷ್ಮೆ ನೂಲನ್ನ ಬೀದಿ ಉದ್ದಕ್ಕೂ ಎಳೆದು ಕಟ್ಟಿ ಹದ ಮಾಡ್ತಾರೆ. ಅಷ್ಟು ಹೊತ್ತು ಸೈಕಲ್ಲೂ ಆ ಕಡೆ ಹೋಗಂಗಿಲ್ಲ. ನಮ್ಮ ಮಗ ಎಣ್ಣೆ ಡಬ್ಬ ಹಾಕ್ಕೊಂಡು ಹೋಗಿ ಹಾರನ್ ಹೊಡೆದನಂತೆ. ಒಬ್ಬ ಅಜ್ಜಿ ಸೊಂಟಕ್ಕೆ ಕೈ ಇಟ್ಕೊಂಡು ಲಾರಿ ಮುಂದೆ ನಿಂತು, “ಆಗು ನಾಯನಾ!” ಅಂತ ತೆಲುಗಲ್ಲಿ ತಡೆದು, “ಇದು ದಾರಿ ಅಲ್ಲ, ಸೀರೆ” ಅಂದಳಂತೆ. ಇವನು ಇಳಿದು ಕೈ ಮುಗಿದನಂತೆ. ಸುಮ್ನೆ ಯಾಕೆ ನಿಲ್ತೀಯ ಅಂತ ಅಜ್ಜಿ ನೂಲು ಕಟ್ಟಿದ ಕೋಲಿನ ತುದಿ ಇವನ ಕೈಗೇ ಕೊಟ್ಟಳಂತೆ. ಲಾರಿ ಓನರ್ ಅಂತ ಮೀಸೆ ತಿರುವ್ಕೊಂಡು ಹೋದೋನು ಮಧ್ಯಾಹ್ನದವರೆಗೂ ಬೀದಿಯಲ್ಲಿ ಕೋಲು ಹಿಡ್ಕೊಂಡು ನಿಂತು ಬಂದ!

ಹೆಣ್ಣು ನೋಡೋಕೆ ಬಂದೋರು

ಅಮಾವಾಸ್ಯೆ ಹತ್ತಿರ ಬಂತು. ಅಷ್ಟರಲ್ಲಿ ಎದುರುಮನೆಯಾಕೆಯ ಮಗಳನ್ನ ನೋಡೋಕೆ ಮೊಳಕಾಲ್ಮೂರಿಂದ ರೇಷ್ಮೆ ಸೀರೆ ವ್ಯಾಪಾರದ ಮನೆಯೋರು ಬಂದ್ರು. ಗಂಡಿನ ಅಪ್ಪ ಬಾಗಿಲಲ್ಲೇ ನಿಂತು ನಮ್ಮ ಲಾರಿ ನೋಡಿ, “ಯಾರದ್ರಿ ಇದು? ಭಾರಿ ಚೆನ್ನಾಗಿಟ್ಟಾರೆ!” ಅಂದ.

ಆಕೆ ಕಣ್ಣು ಮಿಟುಕಿಸದೆ, “ನಮ್ದೇ” ಅಂದಳು.

ನನ್ನ ಬಾಯಲ್ಲಿದ್ದ ಎಲೆ ಅಡಿಕೆ ನೆತ್ತಿಗೆ ಹತ್ತಿತು.

“ಅವ್ವನ ಆಶೀರ್ವಾದ ಅಂತ ಬರೆಸೀರಿ. ಯಾವ ಅವ್ವ?”

“ನಾನೇ ರೀ” ಅಂತ ನಾಚಿಕೊಂಡಳು!

ಅದೇ ಹೊತ್ತಿಗೆ ನನ್ನ ಮಗ ಲುಂಗಿ ಎತ್ತಿ ಕಟ್ಟಿ ಬಕೆಟ್ ಹಿಡ್ಕೊಂಡು ಲಾರಿ ತೊಳೆಯೋಕೆ ಬಂದ. “ನಮ್ಮ ಡ್ರೈವರು, ಬಹಳ ನಿಯತ್ತಿನೋನು” ಅಂತ ಅವರಿಗೆ ಹೇಳಿ, ಇವನ ಕಡೆ ತಿರುಗಿ, “ಟೈರೂ ಚೆನ್ನಾಗಿ ತೊಳಿಯಪ್ಪಾ” ಅಂದಳು.

ನಾನು ಬಾಯಿ ತೆಗೆದೆ. ಅವರ ಕಿಟಕಿಯಲ್ಲಿ ಆ ಹುಡುಗಿ ನನ್ನನ್ನೇ ನೋಡ್ತಾ ಇದ್ದಳು, ಕಣ್ಣಲ್ಲಿ ನೀರು. ನಾನೇ ಎತ್ತಿ ಆಡಿಸಿದ ಕೂಸು. ಬಾಯಿ ಮುಚ್ಚಿಕೊಂಡೆ. ಜೀವಮಾನದಲ್ಲಿ ನಾನು ಮಾಡಿದ ದೊಡ್ಡ ತ್ಯಾಗ ಅದೇ. ಮಗನಿಗೆ ಕಣ್ಸನ್ನೆ ಮಾಡಿದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದೋನಲ್ವಾ, “ಆಗ್ಲಿ ಅಮ್ಮಾರೇ” ಅಂದವನೇ ಟೈರಿಗೆ ನೀರು ಹೊಡೆದ. ಸಂಬಂಧ ಕುದುರಿತು.

ಮುಖದ ಮೇಲೆ

ಅಮಾವಾಸ್ಯೆಗೆ ಮೆಂಬರು ಬಂದ. ಲಾರಿಗೆ ಅಡ್ಡ ನಿಂತೋಳು ಯಾರು ಅಂತೀರಿ? ಅದೇ ಎದುರುಮನೆಯಾಕೆ! “ಈ ಲಾರಿ ತೆಗೆಸಿದ್ರೆ ನೋಡ್ರಿ! ಇದು ನಮ್ಮ ಬೀದಿಗೇ ಒಂದು ಕಳೆ” ಅಂದಳು. ಹೋದ ಸಲ ಕೈ ಎತ್ತಿದ ಮಂದಿಯೇ ಹೌದೌದು ಅಂತ ಮತ್ತೆ ಕೈ ಎತ್ತಿದ್ರು. ರೂಲ್ಸು ಅಲ್ಲಿಗೇ ಸತ್ತುಹೋಯ್ತು. ನಮ್ಮ ಲಾರಿ ಇದ್ದಲ್ಲೇ ರಾಜನಂಗೆ ನಿಂತಿತು.

ಸಂಜೆ ಹೋಳಿಗೆ ತಟ್ಟೆ ಹಿಡ್ಕೊಂಡು ನಮ್ಮನೆಗೆ ಬಂದಳು. ನಾನು ಬಿಡ್ತೀನಾ? “ಅಲ್ಲಮ್ಮಾ, ಲಾರಿ ನಿಮ್ದಾಯ್ತು, ನನ್ನ ಮಗ ನಿಮ್ಮ ಡ್ರೈವರಾದ. ಜಗಲಿ ಮೇಲೆ ಕೂತಿರೋ ನಾನು ಯಾರು ಅಂತ ಬೀಗರು ಕೇಳಲಿಲ್ವಾ?” ಅಂದೆ.

ನನ್ನ ಮುಖಕ್ಕೆ ಮುಖ ಕೊಟ್ಟು, ಒಂದು ಚೂರೂ ಅಳುಕದೆ ಹೇಳಿದಳು: “ಕೇಳಿದ್ರಕ್ಕಾ. ನಿಮ್ಮ ಬಗ್ಗೆ ನಾನು ಕೆಟ್ಟದ್ದು ಹೇಳ್ತೀನಾ? ಆ ಮನೇನೂ ನಮ್ದೇ, ಆಯಮ್ಮ ಬಾಡಿಗೆಗಿದಾರೆ, ಬಾಯಿ ಸ್ವಲ್ಪ ಜೋರು, ಆದ್ರೆ ಬಾಡಿಗೆ ಮಾತ್ರ ಒಂದಿನಾನೂ ತಡ ಮಾಡಲ್ಲ ಅಂತ ಹೊಗಳಿ ಕಳಿಸೀನಿ!”