ಕಾಕಾನ ಲ್ಯಾಪ್‌ಟಾಪಿನ ಹನ್ನೊಂದು ಸ್ಕ್ರೂ

ನನ್ನ ಕಾಕಾ ಈ ಲೋಕದಲ್ಲಿ ನಂಬುವುದು ಒಬ್ಬರನ್ನೇ: ತಮ್ಮನ್ನು. ಅದೂ ಪೂರ್ತಿ ಅಲ್ಲ! ಲೋಕಲ್ ಟ್ರೇನಿನಲ್ಲಿ ಮುಂದಿನ ಸ್ಟೇಷನ್ ವಡಾಲ ಎಂದು ಮೂರು ಭಾಷೆಯಲ್ಲಿ ಕೂಗಿ ಹೇಳಿದರೂ, ಬಗ್ಗಿ ಬೋರ್ಡು ಓದಿದ ಮೇಲೆಯೇ ಇಳಿಯುವುದು. ಓದಿ ಮುಗಿಯುವಷ್ಟರಲ್ಲಿ ಟ್ರೇನು ಹೊರಟು, ಮುಂದಿನ ಸ್ಟೇಷನ್ನಿನಿಂದ ವಾಪಸ್ ಬಂದದ್ದೂ ಉಂಟು.

ಆಂಟಾಪ್ ಹಿಲ್‌ನ ಅವರ ಮನೆಯಲ್ಲಿ ಹನ್ನೆರಡು ವರ್ಷದ ಲ್ಯಾಪ್‌ಟಾಪ್ ಒಂದಿದೆ. ಗುಂಡಿ ಒತ್ತಿ, ಸ್ನಾನ ಮಾಡಿ, ಚಹಾ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ.

"ಕಾಕಾ, ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸ್ರಿ. ರ‍್ಯಾಮೂ ಹೆಚ್ಚಿಗಿ ಮಾಡಸ್ರಿ. ಓಡ್ತದ," ಎಂದೆ.

"ಅಷ್ಟ ಚಲೋ ಇದ್ರ ಕಂಪನಿಯವ್ರು ಮೊದಲ ಯಾಕ ಹಾಕಿಲ್ಲವ್ವಾ? ಇದರಾಗ ಏನೋ ಐತಿ!"

ಮೂರು ತಿಂಗಳು ಯೋಚಿಸಿ, ಕೊನೆಗೆ ವಡಾಲದ ರಿಪೇರಿ ಅಂಗಡಿಗೆ ಹೊರಟರು. ಕಾವಲಿಗೆ ನಾನು. ಅಂಗಡಿಯವನು ನಮ್ಮ ವಿಜಯಪುರ ಕಡೆಯವನೇ. ಊರಿನವನೆಂದು ತಿಳಿದು ಕಾಕಾ ಖುಷಿಪಟ್ಟರೇ? ಇಲ್ಲ! "ನಮ್ಮ ಕಡೆಯವ್ರ ಹುಷಾರಿ ನನಗ ಗೊತ್ತೈತಿ," ಎಂದು ನನ್ನ ಕಿವಿಯಲ್ಲಿ ಉಸುರಿದರು.

ಅವನು ಲ್ಯಾಪ್‌ಟಾಪ್ ಬಿಚ್ಚುತ್ತಿದ್ದಂತೆ ಕಾಕಾ ಹನ್ನೊಂದು ಸ್ಕ್ರೂ ಎಣಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡರು. ಜೇಬಿನಿಂದ ಮಾರ್ಕರ್ ತೆಗೆದು ಬ್ಯಾಟರಿ, ಫ್ಯಾನು, ಕೈಗೆ ಸಿಕ್ಕಿದ ಭಾಗಕ್ಕೆಲ್ಲ ಸಹಿ ಹಾಕಿದರು. ಒಳಗೆ ಬೆರಳು ದಪ್ಪದ ಧೂಳು.

"ಚಾಚಾ, ಇದಕ್ಕ ಭೀ ಸಹಿ ಮಾಡ್ತೀರೇನ್ರಿ?" ಎಂದ ಅಂಗಡಿಯವನು.

"ಅದನ್ನ ನೀನ ಇಟ್ಕೊ."

ಹಳೆಯ ಡಿಸ್ಕಿನಲ್ಲಿದ್ದದ್ದು ಹೊಸದಕ್ಕೆ ಇಳಿಯಲು ಎರಡು ತಾಸು. ಕಾಕಾ ಸ್ಟೂಲು ಬಿಟ್ಟು ಏಳಲಿಲ್ಲ. ಒಮ್ಮೆ ತಡೆಯಲಾರದೆ ಶೌಚಾಲಯಕ್ಕೆ ಹೋಗುವಾಗ ಕರವಸ್ತ್ರದ ಗಂಟು ನನಗೊಪ್ಪಿಸಿದರು. ಬಂದವರೇ ಬಿಚ್ಚಿ ಎಣಿಸಿದರು. ಸ್ವಂತ ಅಣ್ಣನ ಮಗಳು ನಾನು!

ಕೆಲಸ ಮುಗಿದು ಗುಂಡಿ ಒತ್ತಿದರೆ, ಕಣ್ಣು ಮಿಟುಕಿಸುವುದರೊಳಗೆ ಪರದೆ ಬೆಳಗಿತು. ಕಾಕಾನ ಮುಖ ಕಪ್ಪಿಟ್ಟಿತು.

"ಇಷ್ಟ ಲಗೂನ? ಒಳಗಿನದೆಲ್ಲಾ ಖಾಲಿ ಮಾಡ್ಯಾನ!"

ಒಂದೊಂದೇ ಫೋಲ್ಡರ್ ತೆರೆಯತೊಡಗಿದರು. ನಾನೂ ಇಣುಕಿದೆ. ಪ್ರತಿ ಫೋಲ್ಡರಿಗೂ ಒಂದೊಂದು ಹೆಸರು: ಶಾಂತವ್ವ, ಮಲ್ಲಪ್ಪ, ಹುಸೇನಬಿ... ಒಳಗೆ ರೇಷನ್ ಕಾರ್ಡು, ಜನ್ಮದಾಖಲೆ, ಶಾಲೆಯ ಸರ್ಟಿಫಿಕೇಟುಗಳ ಚಿತ್ರ.

"ಯಾರ್ ಚಾಚಾ ಇವ್ರೆಲ್ಲಾ?" ಎಂದ ಅಂಗಡಿಯವನು.

"ನಮ್ಮ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕ ಬಂದ ಮಂದಿ. ವರ್ಷಕ್ಕೊಂದ ಖೋಲಿ ಬದಲಿ ಮಾಡ್ತಾರ, ಮಳ್ಯಾಗ ಕಾಗದ ತೊಯ್ತಾವು. ಅದಕ್ಕ ನನ್ನ ಕಡೆ ಒಂದೊಂದ ಪ್ರತಿ ಇಡ್ತಾರ." ಕಾಕಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇದರಾಗ ನಂದು ಒಂದ ಕಾಗದನೂ ಇಲ್ಲೊ. ನಂದಾಗಿದ್ರ ಇಷ್ಟ ಅಂಜತಿದ್ದಿಲ್ಲ."

ಎಲ್ಲವೂ ಇದ್ದವು. ಅಂಗಡಿಯವನು ಮೇಜಿನ ಡ್ರಾಯರಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದ. ಒಳಗೆ ಮಡಚಿದ ಗೆರೆಯಲ್ಲೇ ಹರಿದುಹೋಗುತ್ತಿದ್ದ ಹಳೆಯ ಕಾಗದ.

"ನಮ್ಮ ಅಮ್ಮಾದು, ಚಾಚಾ. ಇದೂ ಇಟ್ಕೊರ್ರಿ."

ಕಾಕಾ ಅದನ್ನು ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು ಪರೀಕ್ಷಿಸಿದರು. ಫೋಟೋ ತೆಗೆದು ಲ್ಯಾಪ್‌ಟಾಪಿಗೆ ಇಳಿಸಿದರು. ಹೊಸ ಫೋಲ್ಡರ್ ಮಾಡಿ, ಅವನ ತಾಯಿಯ ಹೆಸರನ್ನು ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಕುಟ್ಟಿದರು. ಪರದೆಯನ್ನು ಅವನತ್ತ ತಿರುಗಿಸಿ ಹೇಳಿದರು:

"ಬರೋಬರಿ ಐತೇನ ನೋಡಪಾ. ನನ್ನನ್ನ ಪೂರಾ ನಂಬಬ್ಯಾಡ."