ಎಣ್ಣೆ ಕಾಣದ ಮಸಾಲೆ ಪುರಿ

ಅವರೆಕಾಳು ಹಿತುಕುತ್ತಾ ಕೂತಿದ್ದೆ, ಎನ್.ಆರ್. ಕಾಲೋನಿಯಿಂದ ಭಾವನವರ ಫೋನು ಬಂತು. ಅವರ ಹೆಂಡತಿಗೆ, ಅಂದರೆ ನನ್ನ ಓರಗಿತ್ತಿ ಅಕ್ಕನಿಗೆ, ಹೃದಯದ ಆಪರೇಷನ್ ಸುಸೂತ್ರವಾಗಿ ಆಗಿತ್ತು. ರಾಯರ ದಯೆ. ಆದರೆ ಇನ್ನು ಕರಿದದ್ದು ಮುಟ್ಟಕೂಡದು ಅಂತ ಡಾಕ್ಟರು ಹೇಳಿಬಿಟ್ಟಿದ್ದರಂತೆ.

"ಅವಳು ಊಟಾನೇ ಬಿಟ್ಟಿದಾಳಮ್ಮಾ. ಎರಡು ತುತ್ತು ತಿಂದು ಗೋಡೆ ಕಡೆ ತಿರುಗ್ತಾಳೆ. ಮಾತೂ ಇಲ್ಲ," ಅಂದರು. ಆಮೇಲೆ, "ಅದಕ್ಕೇ ಓವನ್ ತಂದಿದೀನಿ!" ಅಂದರು.

ಕುಕ್ಕರಿನ ಮುಚ್ಚಳ ಹಾಕಲೂ ಬಾರದ ಮನುಷ್ಯ! ಇಂಥವರನ್ನು ದೇವರು ಒಬ್ಬರನ್ನೇ ಮಾಡಿದ್ದು ಒಳ್ಳೆಯದಾಯಿತು. ಇಬ್ಬರಾಗಿದ್ದರೆ ಬಸವನಗುಡಿಯ ಹಲ್ಲಿನ ಡಾಕ್ಟರುಗಳೆಲ್ಲ ಬಂಗಲೆ ಕಟ್ಟಿಸುತ್ತಿದ್ದರು.

ಯಾಕೆ ಅಂತೀರಾ? ನಾವು ಅವರ ಮನೆಗೆ ಹೋದಾಗ ಮೊದಲು ಬಂದದ್ದು ನಿಪ್ಪಟ್ಟು. ರಾಗಿ, ಓಟ್ಸು, ನುಗ್ಗೆಸೊಪ್ಪು. ಎಣ್ಣೆ ಮಾತ್ರ ಸೊನ್ನೆ. ಮೇಲಾಗಿ ನೈವೇದ್ಯಕ್ಕೆ ಮುಂಚೆ ಮಾಡಿದವರು ರುಚಿ ನೋಡಬಾರದು ಅಂತ ಭಾವನವರ ಮಡಿ. ಹೀಗಾಗಿ ಪ್ರತಿ ಪ್ರಯೋಗದ ಮೊದಲ ಗಿರಾಕಿ ದೇವರೇ! ಪಾಪ, ಅವನಿಗೆ ಹಲ್ಲಿನ ಚಿಂತೆಯಿಲ್ಲ.

"ಅಣ್ಣಾ, ಒಂದು ಸುತ್ತಿಗೆ ಕೊಡ್ತೀಯಾ?" ಅಂದರು ನಮ್ಮೆಜಮಾನರು.

"ದೇವರೇ ಏನೂ ಅನ್ಲಿಲ್ಲ, ನಿಂದೇನೋ!"

ಅಕ್ಕ ತುದಿ ಕಚ್ಚಿ ಗೋಡೆ ಕಡೆ ತಿರುಗಿದಳು. ಆಮೇಲಿನ ಕೋಡುಬಳೆ ಕೆಳಗೆ ಬಿದ್ದರೆ ಹಿತ್ತಾಳೆ ಬಳೆಯ ಹಾಗೆ ಉರುಳಿಕೊಂಡು ಹೋಗುತ್ತಿತ್ತು!

ಕೊನೆಗೆ ಮಸಾಲೆ ಪುರಿಗೆ ಕೈ ಹಾಕಿದರು. ಅಕ್ಕನಿಗೆ ಅದೆಂದರೆ ಪ್ರಾಣ. ಭಾವ ದಿನಾ ಸಂಜೆ ಗಾಂಧಿ ಬಜಾರಿನ ಮಸಾಲೆ ಪುರಿ ಗಾಡಿ ಪಕ್ಕ ಹೋಗಿ ಕಣ್ಣುಮುಚ್ಚಿ ನಿಲ್ಲೋರು.

"ಒಂದ್ ಪ್ಲೇಟ್ ಕೊಡ್ಲಾ ಸಾರ್?"

"ಬೇಡಪ್ಪಾ, ವಾಸನೆ ಸಾಕು. ಮನೆಯವಳು ತಿನ್ನೋ ತನಕ ನಾನೂ ತಿನ್ನಲ್ಲ."

"ಹಂಗಾದ್ರೆ ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಸಾರ್, ಗಿರಾಕಿಗಳು ಹೆದರ್ಕೋತಾರೆ!"

ಆದರೆ ನಂಬುತ್ತೀರೋ ಇಲ್ಲವೋ, ಚಕ್ಕೆ ಎಷ್ಟು, ಸೋಂಪು ಎಷ್ಟು, ಪುದೀನ ಎಷ್ಟು ಅಂತ ಬರೀ ಮೂಗಿನಲ್ಲೇ ಹಿಡಿದುಕೊಂಡು ಬಂದರು! ಓವನ್ನಿನಲ್ಲಿ ಪುರಿ ಒಂದೊಂದಾಗಿ ಉಬ್ಬಿದವು. ಮದುವೆಯಾದಾಗಿನಿಂದ ಸೌಟು ಹಿಡಿದಿರುವ ನಾನು ಗಾಜಿನ ಮುಂದೆ ಕೈಮುಗಿಯುವುದೊಂದು ಬಾಕಿ. ಬಟಾಣಿ ಮಸಾಲೆ ಕುದಿಯುತ್ತಿತ್ತು. ಭಾವ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿಬಿಟ್ಟರು.

"ಭಾವಾ! ನೈವೇದ್ಯ ಆಗಿಲ್ಲ!" ಅಂತ ಕಿರುಚಿದೆ.

"ದೇವರು ಸಹಿಸ್ಕೋತಾನಮ್ಮಾ," ಅಂದರು ಮೆಲ್ಲಗೆ. "ಅವಳಿಗೆ ಇವತ್ತೂ ಸೇರದೇ ಹೋದ್ರೆ..."

ಉಪ್ಪಿನ ಡಬ್ಬಿ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು. ಅವತ್ತು ದೇವರಿಗೆ ಬೆಲ್ಲದ ಚೂರೇ ಗತಿಯಾಯಿತು.

ಅಕ್ಕ ಒಂದು ಚಮಚ ಬಾಯಿಗಿಟ್ಟಳು. ಇನ್ನೊಂದು. ನಾನೂ ಭಾವನೂ ಅವಳನ್ನೇ ನೋಡುತ್ತಾ ನಿಂತಿದ್ದೆವು. ತಟ್ಟೆ ಖಾಲಿಯಾಯಿತು.

"ಹುಳಿ ಸಾಲದು ರೀ. ಬಟಾಣಿ ಇನ್ನೂ ಬೇಯ್ಬೇಕಿತ್ತು. ಈರುಳ್ಳಿ ಇಲ್ದೆ ಯಾರಾದ್ರೂ ಮಸಾಲೆ ಪುರಿ ಮಾಡ್ತಾರಾ?" ಅಂದಳು. ಆಪರೇಷನ್ ಆದಮೇಲೆ ಅವಳು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. "ನೋಡ್ತಾ ನಿಂತ್ರೆ ಹೇಗೆ? ಇನ್ನೊಂದಿಷ್ಟು ಹಾಕಿ."

ಭಾವ ಸೌಟಿಗೆ ಕೈ ಹಾಕಿದರು. ನಾನೇ ಇಸಿದುಕೊಂಡು ಬಡಿಸಿದೆ. ಅವರಿಗೂ ಒಂದು ತಟ್ಟೆ ಹಾಕಿಕೊಟ್ಟು ಅಕ್ಕನ ಪಕ್ಕ ಕೂರಿಸಿದೆ.

ಓವನ್ನಿನ ತಟ್ಟೆಗೆ ಹಿಟ್ಟು ಕಚ್ಚಿಕೊಂಡಿತ್ತು. ಸೆರಗು ಸಿಕ್ಕಿಸಿಕೊಂಡು ಉಜ್ಜುವುದಕ್ಕೆ ಹೋದೆ.